ಹೋಲಿಕೆ ಸಿಗದ ಸಾಲುಗಳು

ನನ್ನ ಕಂಪ್ಯೂಟರಿನಲ್ಲಿ ಒಂದು ಫೈಲ್ ಇದೆ. ತೆರೆದರೆ ಸುಮಾರು 43 ಸಾವಿರ ಅಕ್ಷರಗಳು ಸಾಲುಸಾಲಾಗಿ ಕಾಣುತ್ತವೆ. ಎ, ಸಿ, ಜಿ, ಟಿ. ಈ ನಾಲ್ಕು ಬಿಟ್ಟರೆ ಐದನೆಯ ಅಕ್ಷರ ಇಲ್ಲ. ಒಂದು ಸರೋವರದ ನೀರಿನಿಂದ ತೆಗೆದ ಡಿಎನ್‌ಎ ಅದು. ನೀರು ತಂದವರು ಬೇರೆಯವರು, ಡಿಎನ್‌ಎ ಓದಿಸಿದವರೂ ಅವರೇ. ಅವರಿಗೆ ಬೇಕಾಗಿದ್ದದ್ದು ಆ ನೀರಿನ ಬ್ಯಾಕ್ಟೀರಿಯಾ. ಕೆಲಸ ಮುಗಿದ ಮೇಲೆ ಪೂರ್ತಿ ಡೇಟಾವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಸಾರ್ವಜನಿಕ ಸಂಗ್ರಹಕ್ಕೆ ಹಾಕಿದ್ದರು. ವೈರಸ್ ಹುಡುಕುವುದನ್ನು ಕಲಿಯೋಣ ಅಂತ ನಾನು ಅದನ್ನು ಇಳಿಸಿಕೊಂಡೆ.

ಕಲಿಯಲು ಕೂತ ಮೊದಲ ವಾರದಲ್ಲೇ ಈ ತುಣುಕು ಸಿಕ್ಕಿತು. ಅದರ ಮೊದಲ 120 ಅಕ್ಷರಗಳೂ ಕೊನೆಯ 120 ಅಕ್ಷರಗಳೂ ಒಂದೇ ಆಗಿದ್ದವು. ಹೀಗಿದ್ದರೆ ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ಬಳೆಯ ಹಾಗೆ ಕೂಡಿಸಬಹುದು. ಚೂರುಚೂರಾಗಿ ಓದಿದ ಡಿಎನ್‌ಎಯನ್ನು ಜೋಡಿಸುತ್ತಾ ಹೋದ ಪ್ರೋಗ್ರಾಂ ಕೊನೆಗೆ ಹೊರಟ ಜಾಗಕ್ಕೇ ಬಂದು ಮುಟ್ಟಿದೆ ಅಂತ ಅರ್ಥ. ಅಂದರೆ ಜೀನೋಮ್ (ಒಂದು ಜೀವಿಯ ಅಥವಾ ವೈರಸ್‌ನ ಜೀನ್‌ಗಳೆಲ್ಲ ಇರುವ ಇಡೀ ಬರಹ) ಬಹುತೇಕ ಪೂರ್ತಿ ಸಿಕ್ಕಿದೆ. ನನಗೆ ಆ ಸಂಜೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಆಮೇಲೆ ಒಂದೊಂದೇ ಜೀನ್ ನೋಡುತ್ತಾ ಹೋದೆ. ಒಟ್ಟು 58 ಇದ್ದವು. ಒಂದು ಕಡೆ ಮೂರು ಜೀನ್‌ಗಳು ಅಕ್ಕಪಕ್ಕದಲ್ಲೇ ಇದ್ದವು. ಮೊದಲನೆಯದು ಟರ್ಮಿನೇಸ್. ವೈರಸ್‌ನ ತಲೆಯೊಳಗೆ ಡಿಎನ್‌ಎಯನ್ನು ಒತ್ತಿ ಒತ್ತಿ ತುಂಬುವ ಮೋಟರು ಅದು. ಅದರ ಪಕ್ಕದಲ್ಲಿ ಪೋರ್ಟಲ್, ಡಿಎನ್‌ಎ ಒಳಗೆ ಹೋಗುವ ಬಾಗಿಲು. ಅದರಾಚೆ ಕ್ಯಾಪ್ಸಿಡ್, ತಲೆಯ ಗೋಡೆ ಕಟ್ಟುವ ಪ್ರೋಟೀನ್. ಈ ಮೂರು ಒಟ್ಟಿಗೆ ಕಂಡರೆ ಅನುಮಾನ ಬೇಡ. ಇದು ಬ್ಯಾಕ್ಟೀರಿಯಾಗಳನ್ನು ಹಿಡಿಯುವ ವೈರಸ್, ಅಂದರೆ ಫೇಜ್. ಇವುಗಳ ಜೊತೆ ಇನ್ನೂ ಆರಕ್ಕೆ ಹೆಸರು ಸಿಕ್ಕಿತು. ಉಳಿದ 49 ಜೀನ್‌ಗಳ ಮುಂದೆ ಒಂದೇ ಮಾತು: ‘ಹೈಪೊಥೆಟಿಕಲ್ ಪ್ರೋಟೀನ್’. ಇಲ್ಲೊಂದು ಪ್ರೋಟೀನ್ ಇರಬೇಕು, ಏನು ಮಾಡುತ್ತದೋ ಯಾರಿಗೂ ಗೊತ್ತಿಲ್ಲ ಅಂತ. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜೀನ್‌ಗಳಿಗೆ ಜಗತ್ತಿನ ಡೇಟಾಬೇಸ್‌ನಲ್ಲಿ ಹತ್ತಿರದ ನೆಂಟರೂ ಇರಲಿಲ್ಲ. ಹುಡುಕಿದಾಗಲೆಲ್ಲ ಪರದೆಯ ಮೇಲೆ ಒಂದೇ ಉತ್ತರ. ಹೋಲಿಕೆ ಸಿಗಲಿಲ್ಲ.

ನನ್ನಿಂದಲೇ ಏನೋ ತಪ್ಪಾಗಿದೆ ಅಂದುಕೊಂಡು ಮೂರು ಸಲ ಮೊದಲಿನಿಂದ ಮಾಡಿದೆ. ಉತ್ತರ ಬದಲಾಗಲಿಲ್ಲ. ಪರಿಸರದ ವೈರಸ್‌ಗಳನ್ನು ಓದುವವರಿಗೆ ಇದು ದಿನದ ಮಾತು ಅಂತ ಆಮೇಲೆ ಗೊತ್ತಾಯಿತು. ಆದರೂ ಇವತ್ತಿಗೂ ಆ ಸಾಲು ಕಂಡಾಗ ಒಂದು ಕ್ಷಣ ಸುಮ್ನೆ ನೋಡುತ್ತಾ ಕೂರುತ್ತೇನೆ.

ಪರಿಸರದ ವೈರಸ್‌ಗಳನ್ನು ಹುಡುಕುವ ಈ ಕಥೆ ತಡವಾಗಿ ಶುರುವಾದದ್ದಕ್ಕೆ ಒಂದು ಕಾರಣ ಇದೆ. ವೈರಸ್‌ಗಳನ್ನು ನಾವು ಮೊದಲು ಕಂಡದ್ದು ರೋಗದ ಮೂಲಕ. ತಂಬಾಕಿನ ಎಲೆ ಮಚ್ಚೆಯಾಯಿತು, ದನಕ್ಕೆ ಕಾಲುಬಾಯಿ ಜ್ವರ ಬಂತು, ಮನುಷ್ಯನಿಗೆ ಜ್ವರ ಬಂತು, ಆಗ ಹುಡುಕಿದೆವು. ಯಾರಿಗೂ ಕಾಯಿಲೆ ತರದ ವೈರಸ್ ಇದ್ದರೆ ಅದನ್ನು ಹುಡುಕಿಕೊಂಡು ಹೋಗುವವರು ಯಾರು? ಫೇಜ್‌ಗಳ ವಿಷಯದಲ್ಲಿ ಇನ್ನೊಂದು ತೊಡಕು. ಫೇಜ್ ನೋಡಬೇಕಾದರೆ ಮೊದಲು ಅದು ಹಿಡಿಯುವ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಬೇಕು. ಬ್ಯಾಕ್ಟೀರಿಯಾ ಹರಡಿದ ಪದರದಲ್ಲಿ ಅಲ್ಲಲ್ಲಿ ತೂತು ಬಿದ್ದರೆ ಅಲ್ಲಿ ಫೇಜ್ ಇದೆ ಅಂತ ಲೆಕ್ಕ. ಆದರೆ ನೀರಿನ, ಮಣ್ಣಿನ ಬಹುಪಾಲು ಬ್ಯಾಕ್ಟೀರಿಯಾಗಳು ಲ್ಯಾಬಿನಲ್ಲಿ ಬೆಳೆಯುವುದೇ ಇಲ್ಲ. ತಟ್ಟೆಯಲ್ಲಿ ತೂತು ಕಾಣದ್ದರಿಂದ ಕೊಳೆ ಸೇರದ ನೀರಿನಲ್ಲಿ ವೈರಸ್ ಅಷ್ಟಾಗಿ ಇಲ್ಲ ಅಂತಲೇ ಬಹಳ ಕಾಲ ನಂಬಿದ್ದರು.

1989ರಲ್ಲಿ ನಾರ್ವೆಯ ಬರ್ಗನ್ ವಿಶ್ವವಿದ್ಯಾಲಯದವರು ತಟ್ಟೆಯ ಗೊಡವೆಗೇ ಹೋಗಲಿಲ್ಲ. ನೀರನ್ನು ಜೋರಾಗಿ ತಿರುಗಿಸಿ, ಅದರಲ್ಲಿದ್ದ ಕಣಗಳನ್ನೆಲ್ಲ ನೇರವಾಗಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಜಾಲರಿಯ ಮೇಲೆ ಇಳಿಸಿ ಎಣಿಸಿದರು. ಒಂದು ಮಿಲಿಲೀಟರ್ ನೀರಿನಲ್ಲಿ 25 ಕೋಟಿಯವರೆಗೂ ವೈರಸ್ ಕಣಗಳು ಸಿಕ್ಕವು. ಅಲ್ಲಿಯವರೆಗಿನ ಲೆಕ್ಕಕ್ಕಿಂತ ಇದು ಕಡಿಮೆಯೆಂದರೂ ಸಾವಿರ ಪಟ್ಟು, ಕೆಲವು ಕಡೆ ಒಂದು ಕೋಟಿ ಪಟ್ಟು ಜಾಸ್ತಿ. ಮೇಲ್ಮೈ ಸಮುದ್ರದ ನೀರಿನಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ ಒಂದು ಕೋಟಿ ಅಂತ ಈಗ ಹೇಳುತ್ತಾರೆ. ಇಡೀ ಭೂಮಿಯ ಅಂದಾಜು ಕೇಳಿದರೆ ಒಂದರ ಮುಂದೆ 31 ಸೊನ್ನೆ. ಆ ಸಂಖ್ಯೆ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಬೊಗಸೆ ನೀರಿನ ಲೆಕ್ಕ ನಿಲ್ಲುತ್ತದೆ. ಅಂಗೈ ಒದ್ದೆ ಮಾಡಿಕೊಂಡರೂ ಕೋಟಿಗಟ್ಟಲೆ, ಅಲ್ವಾ?

ಆದರೆ ಎಣಿಸಿದರೆ ಗುರುತು ಸಿಕ್ಕ ಹಾಗಾಗಲಿಲ್ಲ. ಮೈಕ್ರೋಸ್ಕೋಪಿನಲ್ಲಿ ಒಂದು ತಲೆ, ಒಂದು ಬಾಲ ಕಾಣುತ್ತದೆ. ನೂರು ಬಗೆಯ ಫೇಜ್‌ಗಳೂ ಹಾಗೇ ಕಾಣುತ್ತವೆ. ಬ್ಯಾಕ್ಟೀರಿಯಾಗಳಿಗೆ ಒಂದು ಅನುಕೂಲ ಇದೆ. 16ಎಸ್ ಅನ್ನುವ ಜೀನ್ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುತ್ತದೆ. ಅದೊಂದನ್ನು ಓದಿದರೆ ಯಾವ ಕುಲ, ಯಾವ ಮನೆತನ ಎಂದು ಹೇಳಬಹುದು. ವೈರಸ್‌ಗಳಲ್ಲಿ ಎಲ್ಲರಿಗೂ ಸೇರಿದ ಅಂಥ ಒಂದು ಜೀನ್ ಇಲ್ಲವೇ ಇಲ್ಲ. ಕೆಲವುದರ ಜೀನೋಮ್ ಡಿಎನ್‌ಎ, ಕೆಲವುದರದು ಆರ್‌ಎನ್‌ಎ. ಕೆಲವಕ್ಕೆ ಎರಡೆಳೆ, ಕೆಲವಕ್ಕೆ ಒಂದೆಳೆ. ಎಲ್ಲವೂ ಒಂದೇ ಬೇರಿನಿಂದ ಬಂದವೂ ಅಲ್ಲ. ಹಾಗಾಗಿ ಉಳಿದದ್ದು ಒಂದೇ ದಾರಿ. ಸಿಕ್ಕಿದ್ದನ್ನೆಲ್ಲ ಓದುವುದು.

2002ರಲ್ಲಿ ಮಿಯಾ ಬ್ರೈಟ್‌ಬಾರ್ಟ್, ಫಾರೆಸ್ಟ್ ರೋವರ್ ಅನ್ನುವ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು ಅದನ್ನು ಮಾಡಿ ತೋರಿಸಿದರು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಎರಡು ಜಾಗದಿಂದ ಸಮುದ್ರದ ನೀರು ತಂದು, ಬ್ಯಾಕ್ಟೀರಿಯಾಗಳನ್ನು ಸೋಸಿ ತೆಗೆದು, ವೈರಸ್‌ಗಳ ಡಿಎನ್‌ಎಯನ್ನು ಚೂರು ಮಾಡಿ ಓದಿದರು. ಇವತ್ತಿನ ಯಂತ್ರಗಳ ಮುಂದೆ ಅವರು ಓದಿದ್ದು ತೀರಾ ಸ್ವಲ್ಪ. ಆ ಸ್ವಲ್ಪದಲ್ಲೇ ಶೇಕಡಾ 65ಕ್ಕಿಂತ ಹೆಚ್ಚು ಚೂರುಗಳು ಅದುವರೆಗೆ ಗೊತ್ತಿದ್ದ ಯಾವುದಕ್ಕೂ ಹೋಲಲಿಲ್ಲ. ನನ್ನ ಫೈಲಿನ ಮುಂದೆ ನಾನು ಕಂಡದ್ದನ್ನು ಅವರು ಎಲ್ಲರಿಗಿಂತ ಮೊದಲು ಕಂಡಿದ್ದರು.

ಇಲ್ಲಿ ‘ಸೋಸಿ ತೆಗೆದು’ ಅಂತ ಸಲೀಸಾಗಿ ಬರೆದೆ. ಈ ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ ಕೆಲಸ. ವೈರಸ್ ಬೇಕಾದವರು ನೀರನ್ನು 0.2 ಮೈಕ್ರಾನ್ ತೂತಿನ ಫಿಲ್ಟರ್‌ನಲ್ಲಿ ಹಾಯಿಸುತ್ತಾರೆ. ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತದೆ, ವೈರಸ್ ಕೆಳಗೆ ಇಳಿಯುತ್ತದೆ. ಮೇಲೆ ಉಳಿದದ್ದನ್ನು ಬಿಸಾಡುತ್ತಾರೆ. ವೈರಸ್ ಅಂದರೆ ಚಿಕ್ಕದು ಅಂತ ನಾವು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೇವೆ, ಫಿಲ್ಟರ್ ಆ ತೀರ್ಮಾನವನ್ನು ಪಾಲಿಸುತ್ತದೆ.

1992ರಲ್ಲಿ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನಲ್ಲಿ ನ್ಯುಮೋನಿಯಾಗೆ ಕಾರಣ ಹುಡುಕುತ್ತಾ ಒಂದು ಕೂಲಿಂಗ್ ಟವರಿನ ನೀರನ್ನು ಪರೀಕ್ಷೆ ಮಾಡಿದರು. ಅದರಲ್ಲಿದ್ದ ಅಮೀಬಾದೊಳಗೆ ದುಂಡಗಿನದೊಂದು ಸೂಕ್ಷ್ಮಜೀವಿ ಸಿಕ್ಕಿತು. ಸಾಮಾನ್ಯ ಮೈಕ್ರೋಸ್ಕೋಪಿನಲ್ಲೇ ಕಾಣುವಷ್ಟು ದೊಡ್ಡದು. ಬ್ಯಾಕ್ಟೀರಿಯಾಗೆ ಹಾಕುವ ಬಣ್ಣವನ್ನೂ ಹಿಡಿಯಿತು. ಬ್ಯಾಕ್ಟೀರಿಯಾ ಇರಬೇಕು ಅಂತ ಅದಕ್ಕೆ ಬ್ರ್ಯಾಡ್‌ಫರ್ಡ್‌ಕಾಕಸ್ ಅಂತ ಹೆಸರಿಟ್ಟರು. ಆದರೆ ಅದರಲ್ಲಿ 16ಎಸ್ ಜೀನ್ ಮಾತ್ರ ಸಿಗಲಿಲ್ಲ. ಎಷ್ಟು ಸಲ ಪ್ರಯತ್ನಪಟ್ಟರೂ ಇಲ್ಲ. ಕೊನೆಗೆ ಫ್ರಾನ್ಸಿನ ಮಾರ್ಸೇಯ್‌ನಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗ ಇಪ್ಪತ್ತು ಮುಖಗಳ ಕ್ಯಾಪ್ಸಿಡ್ ಕಂಡಿತು. ಅದು ವೈರಸ್! 2003ರಲ್ಲಿ ಅದಕ್ಕೆ ಮಿಮಿವೈರಸ್ ಅಂತ ಹೆಸರಾಯಿತು. ಮುಂದಿನ ವರ್ಷ ಜೀನೋಮ್ ಓದಿದರೆ ಸುಮಾರು 12 ಲಕ್ಷ ಅಕ್ಷರಗಳು. ಅತಿ ಚಿಕ್ಕ ಬ್ಯಾಕ್ಟೀರಿಯಾಗಳ ಜೀನೋಮ್‌ಗಿಂತಲೂ ಎಷ್ಟೋ ದೊಡ್ಡದು. ಹತ್ತು ವರ್ಷ ಅದು ಫ್ರಿಜ್ಜಿನಲ್ಲಿ ತಪ್ಪು ಹೆಸರಿನ ಚೀಟಿ ಅಂಟಿಸಿಕೊಂಡು ಕಾದಿತ್ತು.

ಅದಕ್ಕೂ ಹಿಂದೆ ಎಷ್ಟು ಲ್ಯಾಬುಗಳ ಫಿಲ್ಟರ್ ಮೇಲೆ ಇಂಥವು ಉಳಿದಿದ್ದವೋ, ಎಷ್ಟು ಫಿಲ್ಟರ್‌ಗಳು ಕಸದ ಡಬ್ಬಿಗೆ ಹೋದವೋ. ಇದನ್ನು ಯೋಚಿಸಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆಮೇಲೆ ಹುಡುಕಿದಾಗ ದೈತ್ಯ ವೈರಸ್‌ಗಳು ಸಮುದ್ರದಲ್ಲಿ, ಮಣ್ಣಿನಲ್ಲಿ, ಕೊಳದ ಕೆಸರಿನಲ್ಲಿ, ಸೈಬೀರಿಯಾದ 30 ಸಾವಿರ ವರ್ಷ ಹಳೆಯ ಹೆಪ್ಪುಗಟ್ಟಿದ ನೆಲದಲ್ಲಿ ಕೂಡ ಸಿಕ್ಕವು. 2013ರಲ್ಲಿ ವರದಿಯಾದ ಪಂಡೋರಾವೈರಸ್‌ನ ಜೀನೋಮ್ 25 ಲಕ್ಷ ಅಕ್ಷರಗಳಷ್ಟು ಉದ್ದ.

ಫಿಲ್ಟರ್ ಒಂದೇ ಅಲ್ಲ, ಪ್ರತಿ ಹೆಜ್ಜೆಯಲ್ಲೂ ಹೀಗೇ. ನೀರಿನಿಂದ ಸಿಗುವ ವೈರಸ್ ಡಿಎನ್‌ಎ ತುಂಬ ಕಡಿಮೆ. ಅದನ್ನು ಹೆಚ್ಚಿಸಿಕೊಳ್ಳಲು ಒಂದು ಕಿಣ್ವ ಬಳಸುತ್ತಾರೆ. ಆ ಕಿಣ್ವ ಬಂದದ್ದು ಫೈ29 ಅನ್ನುವ ಫೇಜ್‌ನಿಂದಲೇ. ಒಂದು ವೈರಸ್‌ನ ಸಲಕರಣೆಯಿಂದಲೇ ಬೇರೆ ವೈರಸ್‌ಗಳನ್ನು ಓದುತ್ತಿದ್ದೇವೆ ಅನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ. ಆದರೆ ಅದಕ್ಕೂ ಒಂದು ಪಕ್ಷಪಾತ ಇದೆ. ಚಿಕ್ಕ, ದುಂಡಗಿನ, ಒಂದೆಳೆಯ ಡಿಎನ್‌ಎ ಸಿಕ್ಕರೆ ಅದು ಸುತ್ತಿ ಸುತ್ತಿ ಅದನ್ನೇ ನಕಲು ಮಾಡುತ್ತದೆ. ಫಲಿತಾಂಶ ನೋಡಿದರೆ ನೀರಿನ ತುಂಬ ಅವೇ ಇವೆ ಅನ್ನಿಸುತ್ತದೆ. ಇನ್ನು ಡಿಎನ್‌ಎಯನ್ನಷ್ಟೇ ಓದಿದರೆ ಆರ್‌ಎನ್‌ಎ ವೈರಸ್‌ಗಳು ಒಂದೂ ಕಾಣುವುದಿಲ್ಲ.

ಹೋಲಿಕೆ ಸಿಗಲಿಲ್ಲ ಅಂತ ಪಕ್ಕಕ್ಕಿಟ್ಟ ಚೂರುಗಳ ರಾಶಿಯಲ್ಲೇ ಒಂದು ಮುಖ್ಯ ವೈರಸ್ ಸಿಕ್ಕಿದ ಕಥೆ ಇನ್ನೊಂದಿದೆ. ಬಾಸ್ ದುತಿಲ್ಹ್ ಅನ್ನುವ ವಿಜ್ಞಾನಿ ಮತ್ತು ಸಂಗಡಿಗರು 12 ಜನರ ಮಲದಿಂದ ತೆಗೆದ ವೈರಸ್ ಡಿಎನ್‌ಎ ಡೇಟಾವನ್ನು ಮತ್ತೆ ಕೈಗೆತ್ತಿಕೊಂಡರು. ಅದು ಮೊದಲೇ ಪ್ರಕಟವಾಗಿದ್ದ ಡೇಟಾ. ಒಬ್ಬೊಬ್ಬರದನ್ನು ಬೇರೆಬೇರೆಯಾಗಿ ನೋಡುವ ಬದಲು ಎಲ್ಲರ ಚೂರುಗಳನ್ನೂ ಒಟ್ಟಿಗೆ ಸೇರಿಸಿ ಜೋಡಿಸಿದರು. ಹೋಲಿಕೆ ಸಿಗದ ಚೂರುಗಳಲ್ಲಿ ಕೆಲವು ಒಬ್ಬರಲ್ಲಿ ಹೆಚ್ಚಿದ್ದಾಗ ಒಟ್ಟಿಗೇ ಹೆಚ್ಚು, ಕಡಿಮೆ ಇದ್ದಾಗ ಒಟ್ಟಿಗೇ ಕಡಿಮೆ. ಹೆಸರು ಗೊತ್ತಿಲ್ಲದಿದ್ದರೇನು, ಯಾವಾಗಲೂ ಜೊತೆಯಲ್ಲೇ ಬರುವವರು ಒಂದೇ ಮನೆಯವರಿರಬೇಕು. ಆ ಚೂರುಗಳು ಕೂಡಿ 97 ಸಾವಿರ ಅಕ್ಷರಗಳ ಒಂದು ಜೀನೋಮ್ ಆಯಿತು. ಹೀಗೆ ಜೋಡಿಸಿದ ವಿಧಾನದ (ಕ್ರಾಸ್ ಅಸೆಂಬ್ಲಿ) ಹೆಸರನ್ನೇ ಇಟ್ಟು ಅದನ್ನು ಕ್ರಾಸ್‌ಫೇಜ್ ಅಂದರು. 2014ರಲ್ಲಿ ಇದು ಪ್ರಕಟವಾದ ಮೇಲೆ ಹಳೆಯ ಡೇಟಾಗಳಲ್ಲಿ ಹುಡುಕಿದರೆ ಬಹುಪಾಲು ಜನರ ಮಲದ ಮಾದರಿಗಳಲ್ಲಿ ಅದು ಇತ್ತು. ಗೊತ್ತಿದ್ದ ಉಳಿದೆಲ್ಲ ಫೇಜ್‌ಗಳನ್ನು ಒಟ್ಟು ಸೇರಿಸಿದರೂ ಅದಕ್ಕಿಂತ ಇದೊಂದೇ ಜಾಸ್ತಿ. ನಮ್ಮ ಹೊಟ್ಟೆಯೊಳಗೇ ಇದ್ದದ್ದು ಅಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಈಗ ನದಿಗೆ, ಸಮುದ್ರಕ್ಕೆ ಚರಂಡಿ ನೀರು ಸೇರಿದೆಯೇ ಎಂದು ನೋಡಲು ಇದೇ ಫೇಜ್ ಇದೆಯೇ ಅಂತ ಪರೀಕ್ಷೆ ಮಾಡುತ್ತಾರೆ.

ಆದರೆ ಅದು ಹೇಗಿದೆ, ಹೇಗೆ ಬದುಕುತ್ತದೆ ಅಂತ ಯಾರೂ ನೋಡಿರಲಿಲ್ಲ. ಬ್ಯಾಕ್ಟೀರಾಯ್ಡಿಸ್ ಅನ್ನುವ ಬ್ಯಾಕ್ಟೀರಿಯಾವನ್ನು ಹಿಡಿಯುತ್ತಿರಬೇಕು ಅಂತ ಡಿಎನ್‌ಎಯ ಸುಳಿವು ಹಿಡಿದು ಊಹೆ ಮಾಡಿದ್ದರು. ಆ ಕುಟುಂಬದ ಒಂದು ಫೇಜ್ ಐರ್ಲೆಂಡಿನ ಕಾರ್ಕ್‌ನ ಲ್ಯಾಬಿನಲ್ಲಿ ಮೊದಲ ಬಾರಿ ಬೆಳೆದದ್ದು 2018ರಲ್ಲಿ. ಅದು ಹಿಡಿದದ್ದು ಬ್ಯಾಕ್ಟೀರಾಯ್ಡಿಸ್ ಅನ್ನೇ! ಪರದೆಯ ಮೇಲಿನ ಅಕ್ಷರಗಳಿಂದ ಮಾಡಿದ ಊಹೆ ನಾಲ್ಕು ವರ್ಷದ ಮೇಲೆ ತಟ್ಟೆಯಲ್ಲಿ ನಿಜವಾಯಿತು. ಇದನ್ನು ಓದಿದ ದಿನ ನನಗೆ ಈ ಕೆಲಸದ ಮೇಲೆ ನಂಬಿಕೆ ಬಂತು.

ಇಂಥ ಊಹೆಗೆ ಒಂದು ಸೊಗಸಾದ ದಾರಿ ಕ್ರಿಸ್ಪರ್. ಬ್ಯಾಕ್ಟೀರಿಯಾ ಒಂದು ಫೇಜ್‌ನಿಂದ ಪಾರಾದಾಗ ಅದರ ಡಿಎನ್‌ಎಯ ಸುಮಾರು 30 ಅಕ್ಷರಗಳ ಚೂರನ್ನು ತನ್ನ ಜೀನೋಮ್‌ನಲ್ಲಿ ಇಟ್ಟುಕೊಳ್ಳುತ್ತದೆ, ಮತ್ತೆ ಬಂದರೆ ಗುರುತು ಹಿಡಿಯಲು. ಆ ಚೂರು ನಮ್ಮ ಕೈಲಿರುವ ವೈರಸ್‌ನಲ್ಲಿ ಸಿಕ್ಕರೆ ಇವರಿಬ್ಬರೂ ಎಂದೋ ಎದುರುಬದುರಾಗಿದ್ದರು ಅಂತ ಗೊತ್ತಾಗುತ್ತದೆ. ನನ್ನ ಸರೋವರದ ಫೇಜ್‌ಗೆ ಹೀಗೆ ಹುಡುಕಿದೆ. ಯಾವ ಬ್ಯಾಕ್ಟೀರಿಯಾವೂ ಅದರ ನೆನಪು ಇಟ್ಟುಕೊಂಡಿರಲಿಲ್ಲ.

ಈ ಹೆಸರಿಲ್ಲದ ಜೀನ್‌ಗಳಿಗೆ ಇಷ್ಟು ಯಾಕೆ ತಲೆಕೆಡಿಸಿಕೊಳ್ಳಬೇಕು ಅಂತ ಯಾರಾದರೂ ಕೇಳಿದರೆ ನಾನು ಸಮುದ್ರದ ಸಯನೊಬ್ಯಾಕ್ಟೀರಿಯಾಗಳ ಫೇಜ್ ಕಥೆ ಹೇಳುತ್ತೇನೆ. ಸಯನೊಬ್ಯಾಕ್ಟೀರಿಯಾ ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತದೆ. ಅದಕ್ಕೆ ಬೇಕಾದ ಡಿ1 ಅನ್ನುವ ಪ್ರೋಟೀನ್ ಬೆಳಕಿಗೆ ಬೇಗ ಹಾಳಾಗುತ್ತದೆ, ಹೊಸದಾಗಿ ಮಾಡುತ್ತಲೇ ಇರಬೇಕು. ಫೇಜ್ ಒಳಗೆ ನುಗ್ಗಿದ ಮೇಲೆ ಬ್ಯಾಕ್ಟೀರಿಯಾದ ಸ್ವಂತ ಕೆಲಸ ನಿಲ್ಲುತ್ತಾ ಬರುತ್ತದೆ. ಹಾಗಾದರೆ ಫೇಜ್ ತನ್ನ ಮರಿಗಳನ್ನು ಮಾಡಿಕೊಳ್ಳಲು ಶಕ್ತಿ ಎಲ್ಲಿಂದ ತರಬೇಕು? 2003ರಲ್ಲಿ ಇಂಥ ಒಂದು ಫೇಜ್‌ನ ಜೀನೋಮ್ ಓದಿದಾಗ ಡಿ1 ಮಾಡುವ ಜೀನ್ ಅದರೊಳಗೇ ಸಿಕ್ಕಿತು. ಬುತ್ತಿ ಕಟ್ಟಿಕೊಂಡೇ ಬಂದಿತ್ತು. ಸಾಯುತ್ತಿರುವ ಜೀವಕೋಶದೊಳಗೆ ಬಿಸಿಲಿನ ಅಡುಗೆ ನಡೆಸುತ್ತಿರುವುದು ವೈರಸ್ ತಂದ ಜೀನ್. ಮೇಲ್ಮೈ ಸಮುದ್ರದ ಬ್ಯಾಕ್ಟೀರಿಯಾಗಳಲ್ಲಿ ದಿನಕ್ಕೆ ಸುಮಾರು ಐದರಲ್ಲೊಂದು ಪಾಲು ವೈರಸ್‌ಗಳಿಂದ ಸಾಯುತ್ತದೆ ಅಂತ ಅಂದಾಜಿದೆ. ಒಡೆದ ಜೀವಕೋಶದ ಸಾರವೆಲ್ಲ ನೀರಿಗೆ ಬಿದ್ದು ಬೇರೆ ಸೂಕ್ಷ್ಮಜೀವಿಗಳ ಆಹಾರವಾಗುತ್ತದೆ. ವೈರಸ್ ಅಂದರೆ ಬರೀ ರೋಗ ಅಂತ ಮಕ್ಕಳಿಗೆ ಕಲಿಸುವುದನ್ನು ಕೇಳಿದಾಗ ನನಗೆ ಬೇಸರವಾಗುವುದು ಇದಕ್ಕೇ.

ಈಚೆಗೆ ಬಂದ ದೊಡ್ಡ ಅಂಕಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತಾರಾ ಅನ್ನುವ ಹಾಯಿಹಡಗು 2009ರಿಂದ 2013ರವರೆಗೆ ಸಮುದ್ರಗಳನ್ನು ಸುತ್ತಿ ತಂದ ನೀರಿನಿಂದ 2019ರ ಹೊತ್ತಿಗೆ 1,95,728 ಬಗೆಯ ಡಿಎನ್‌ಎ ವೈರಸ್‌ಗಳ ಪಟ್ಟಿ ಆಯಿತು. ಉತ್ತರ ಧ್ರುವದ ಆರ್ಕ್ಟಿಕ್ ಸಾಗರದ ಅಷ್ಟು ಚಳಿಯ ನೀರಿನಲ್ಲೂ ವೈವಿಧ್ಯ ತುಂಬಿ ತುಳುಕುತ್ತಿತ್ತು. 2022ರಲ್ಲಿ ಸೆರಾಟಸ್ ಅನ್ನುವ ಯೋಜನೆಯವರು ಬೇರೆಯವರು ಬೇರೆ ಉದ್ದೇಶಕ್ಕೆ ಓದಿಸಿ ಸಾರ್ವಜನಿಕವಾಗಿ ಇಟ್ಟಿದ್ದ 57 ಲಕ್ಷ ಡೇಟಾಗಳನ್ನು ಜಾಲಾಡಿದರು. ಆರ್‌ಎನ್‌ಎ ವೈರಸ್‌ಗಳು ತಮ್ಮ ನಕಲು ಮಾಡಿಕೊಳ್ಳಲು ಬಳಸುವ ಒಂದೇ ಒಂದು ಪ್ರೋಟೀನಿನ ಗುರುತು ಹಿಡಿದು ಹುಡುಕಿದ್ದಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೊಸ ವೈರಸ್‌ಗಳು ಸಿಕ್ಕವು. ಹೊಸ ನೀರು ಒಂದು ಹನಿಯೂ ಬೇಕಾಗಲಿಲ್ಲ.

ಈ ಎಣಿಕೆಗಳು ನಾವು ಹಾಕಿಕೊಂಡ ನಿಯಮದ ಮೇಲೆ ನಿಂತಿವೆ. ಎರಡು ತುಣುಕುಗಳಲ್ಲಿ ಚಿಕ್ಕದರ ಶೇಕಡಾ 85ರಷ್ಟು ಉದ್ದದಲ್ಲಿ ಅಕ್ಷರಗಳು ಶೇಕಡಾ 95ರಷ್ಟು ಒಂದೇ ಇದ್ದರೆ ಎರಡೂ ಒಂದೇ ಬಗೆ ಅಂತ ಲೆಕ್ಕ. ಗೆರೆ ಸ್ವಲ್ಪ ಆಚೀಚೆ ಎಳೆದರೆ ಸಂಖ್ಯೆ ಬದಲಾಗುತ್ತದೆ. ಲಕ್ಷ ಅಂತ ಕೇಳಿ ಬೆರಗಾಗುವುದಕ್ಕಿಂತ ಒಂದು ಜೀನೋಮ್ ಮುಂದೆ ಒಂದು ತಿಂಗಳು ಕೂತರೆ ನನಗೆ ಹೆಚ್ಚು ಸಿಗುತ್ತದೆ. ಬರೀ ಡಿಎನ್‌ಎ ಓದಿ ಕಂಡ ವೈರಸ್‌ಗಳನ್ನೂ ವರ್ಗೀಕರಣಕ್ಕೆ ಸೇರಿಸಬಹುದು ಅಂತ 2017ರಲ್ಲಿ ತಜ್ಞರು ಒಪ್ಪಿಕೊಂಡರು. ಸರಿಯಾದ ನಿರ್ಧಾರ. ಇಲ್ಲದಿದ್ದರೆ ಇವೆಲ್ಲ ಹೆಸರಿಲ್ಲದೆ ಹೊರಗೇ ನಿಲ್ಲಬೇಕಾಗಿತ್ತು. ಆದರೆ ತಟ್ಟೆಯಲ್ಲಿ ಬೆಳೆಸುವವರ ತಾಳ್ಮೆ ನಮಗೆ ಇನ್ನೂ ಜಾಸ್ತಿ ಬೇಕು ಅಂತಲೇ ನನ್ನ ಅನಿಸಿಕೆ.

ನನ್ನ ಫೈಲಿಗೆ ಬರುತ್ತೇನೆ. ಅಕ್ಷರಗಳಲ್ಲಿ ಹೋಲಿಕೆ ಸಿಗದಿದ್ದಾಗ ಆಕಾರದಲ್ಲಿ ನೋಡಬಹುದು. ಪ್ರೋಟೀನ್‌ನ ಅಕ್ಷರಗಳು, ಅಂದರೆ ಅದನ್ನು ಕಟ್ಟುವ ಅಮೈನೋ ಆಮ್ಲಗಳು, ಕಾಲಕಳೆದಂತೆ ಬದಲಾಗುತ್ತಾ ಹೋಗಿ ಗುರುತೇ ಸಿಗದಂತೆ ಆಗುತ್ತವೆ, ಅದು ಮಡಚಿಕೊಳ್ಳುವ ರೀತಿ, ಅಂದರೆ ಮಡಿಕೆ, ಮಾತ್ರ ಉಳಿದಿರುತ್ತದೆ. ಬಾಲವಿರುವ ಫೇಜ್‌ಗಳ ಕ್ಯಾಪ್ಸಿಡ್ ಗೋಡೆಗೂ ನಮಗೆ ತುಟಿ ಹುಣ್ಣು ತರುವ ಹರ್ಪಿಸ್ ವೈರಸ್‌ನ ಗೋಡೆಗೂ ಅಕ್ಷರಗಳಲ್ಲಿ ಸಂಬಂಧ ಕಾಣುವುದಿಲ್ಲ, ಮಡಿಕೆ ಒಂದೇ. ಈಗ ಪ್ರೋಟೀನ್‌ನ ಆಕಾರವನ್ನು ಊಹಿಸುವ ಪ್ರೋಗ್ರಾಂಗಳು ಬಂದಿವೆ. ಒಂದು ಭಾನುವಾರ ನನ್ನ 14ನೇ ಜೀನ್‌ನ ಅಕ್ಷರಗಳನ್ನು ಅದಕ್ಕೆ ಕೊಟ್ಟೆ. ಪರದೆಯ ಮೇಲೆ ಒಂದು ಆಕಾರ ತಿರುಗತೊಡಗಿತು. ಎರಡು ಪದರದ ಮಡಿಕೆ, ಪಕ್ಕದಲ್ಲಿ ಉದ್ದಕ್ಕೆ ಚಾಚಿದ ಒಂದು ಎಳೆ. ಗೊತ್ತಿರುವ ಆಕಾರಗಳ ಜೊತೆ ಹೋಲಿಸಿ ನೋಡಿದರೆ ಅದು ಫೇಜ್‌ಗಳ ಬಾಲದ ಕೊಳವೆ ಕಟ್ಟುವ ಪ್ರೋಟೀನ್‌ಗೆ ಹೊಂದಿತು. ಡಿಎನ್‌ಎ ಬ್ಯಾಕ್ಟೀರಿಯಾದೊಳಗೆ ಇಳಿಯುವ ಕೊಳವೆ. ಒಂಬತ್ತು ಇದ್ದ ಹೆಸರುಗಳು ಹತ್ತಾದವು.

ಕೆಲವು ತಿಂಗಳಿಗೊಮ್ಮೆ ಉಳಿದವನ್ನೂ ಹೊಸ ಡೇಟಾಬೇಸ್‌ನಲ್ಲಿ ಮತ್ತೆ ಹುಡುಕುತ್ತೇನೆ. ಕಳೆದ ಸಲ 31ನೇ ಜೀನ್‌ಗೆ ಮೊದಲ ಬಾರಿ ಒಂದು ಹೋಲಿಕೆ ಸಿಕ್ಕಿತು. ತೆರೆದು ನೋಡಿದೆ. ಅದರ ಮುಂದೆಯೂ ‘ಹೈಪೊಥೆಟಿಕಲ್ ಪ್ರೋಟೀನ್’ ಅಂತಲೇ ಇತ್ತು. ಯಾರೋ ಆಳ ಸಮುದ್ರದ ಕೆಸರಿನಿಂದ ತೆಗೆದ ತುಣುಕು, ಅವರೂ ಹೆಸರು ಗೊತ್ತಾಗದೆ ಹಾಗೇ ಬಿಟ್ಟಿದ್ದರು. ನಾನು ಎರಡು ತುಣುಕುಗಳನ್ನೂ ಅಕ್ಕಪಕ್ಕ ಇಟ್ಟೆ. ನನ್ನ 30ನೇ ಜೀನ್ ಇರುವಲ್ಲಿ ಅವರದರಲ್ಲೂ ಅಷ್ಟೇ ಉದ್ದದ ಒಂದು ಜೀನ್ ಇತ್ತು. 32ನೆಯದೂ ಇತ್ತು. 33ನೆಯದೂ ಇತ್ತು, ಅದೇ ಕ್ರಮದಲ್ಲಿ.